ಬಾವೆಮ್ಮ ಬಾವಿಗೆ ಬಿದ್ದಿರಲಿಲ್ಲ

ಹಿರೇಹಡಗಲಿ
೧೮ ನವೆಂಬರ್ ೨೦೨೪

ನನ್ನ ಮುದ್ದಿನ ಕೋಮಲಾ,

ಅವ್ವನ ಆಶೀರ್ವಾದ. ಹೊಸಪೇಟೆಯಲ್ಲಿ ಆಫೀಸಿನ ಗಡಿಬಿಡಿಯೊಳಗೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೆಂದು ನಂಬಿದ್ದೇನೆ. ಕಾಗದ ತಡವಾಯಿತು, ಸಿಟ್ಟಾಗಬೇಡ. ಎರಡು ಸಲ ಬರೆದು ಹರಿದುಹಾಕಿದೆ. ಮೊದಲು ನಿನ್ನ ಮದುವೆಯ ಸುದ್ದಿ: ಅಕ್ಕಿ ಹಸನು ಮಾಡಿದ್ದಾಯಿತು, ಸೀರೆಗಳಿಗೆ ಫಾಲ್ ಹಚ್ಚಿಸಿದೆ. ಅರಿಶಿಣದ ಶಾಸ್ತ್ರ ಮನೆದೇವರು ಬಾವೆಮ್ಮನ ಮುಂದೆಯೇ ಆಗಬೇಕೆಂದು ನಿನ್ನ ದೊಡ್ಡಪ್ಪ ಹೇಳಿದ್ದಾರೆ. ನಿಮ್ಮಪ್ಪ ಹೋದಮೇಲೆ ನಾನು ಆಕೆಯ ದೇವರ ಕೋಣೆಯ ಹೊಸ್ತಿಲು ದಾಟಿಲ್ಲ. ಮುತ್ತೈದೆಯಾಗಿ ಸತ್ತವಳ ಮುಂದೆ ಗಂಡ ಸತ್ತವಳು ನಿಲ್ಲಬಾರದಂತೆ. ಹೆತ್ತ ಮಗಳಿಗೆ ಅರಿಶಿಣ ಹಚ್ಚುವ ಭಾಗ್ಯವೂ ನನಗಿಲ್ಲ.

ಆ ಬಾವೆಮ್ಮನ ಕಥೆ ಈಗ ಕೇಳು.

ಶುಕ್ರವಾರ ಬಾಡಿಗೆ ಕಾರಿನಲ್ಲಿ ಒಬ್ಬಳು ಬಂದಳು. ಹೆಸರು ಪ್ರಿಯಾ, ದಕ್ಷಿಣ ಆಫ್ರಿಕಾದ ಡರ್ಬನ್ನಿನವಳು. ನನ್ನ ವಯಸ್ಸು, ಪ್ಯಾಂಟು, ಕುತ್ತಿಗೆಗೆ ದಪ್ಪ ಮಣಿಸರ. ಅವಳ ಅಜ್ಜಿಯ ಅಜ್ಜಿ ಗಿಡ್ಡಮ್ಮ ನಮ್ಮೂರವಳಂತೆ. ಸುಮಾರು ನೂರೈವತ್ತು ವರ್ಷದ ಹಿಂದೆ, ಧಾತು ಸಂವತ್ಸರದ ಬರದಲ್ಲಿ ಮದ್ರಾಸಿನವರೆಗೆ ನಡೆದುಹೋಗಿ, ಹಡಗು ಹತ್ತಿ, ಕಬ್ಬಿನ ತೋಟದ ಕೂಲಿಗೆ ಸೇರಿದವಳಂತೆ. ಗಂಡನ ಹೆಸರು ಜೋಗಪ್ಪ. ಜೋಗಪ್ಪರ ಮನೆ ಯಾವುದೆಂದು ಕೇಳಿದ್ದಕ್ಕೆ ಜನ ನಮ್ಮನೆ ತೋರಿಸಿದ್ದಾರೆ.

ನಿನ್ನ ದೊಡ್ಡಪ್ಪ ನಕ್ಕರು. "ಹೆಸರು ಒಂದ ಆದ್ರ ಆತೇನು? ನಮ್ಮ ಗಿಡ್ಡಮ್ಮ ಗಂಡಗ, ಮಗಗ ಗಂಜಿ ಸಾಲಲಿ ಅಂತ ತಾನ ಬಾವಿಗೆ ಬಿದ್ದಾಕಿ. ಅದಕ್ಕ ಬಾವೆಮ್ಮ ಆಗ್ಯಾಳ" ಅಂದರು. ಆದರೂ ವಿದೇಶದವಳೆಂಬ ಸಡಗರ ನೋಡು! ತಾವೇ ಮುಂದಾಗಿ ದೇವರ ಕೋಣೆಗೆ ಕರೆದೊಯ್ದು, ಬಾವೆಮ್ಮನಿಗೆ ಏರಿಸಿದ ಹಸಿರು ಸೀರೆಗೆ ಅವಳ ಕೈಯಿಂದ ಅರಿಶಿಣ ಕುಂಕುಮ ಹಾಕಿಸಿ ಫೋಟೋ ತೆಗೆಸಿದರು. ನಾನು ಹೊಸ್ತಿಲಾಚೆ ಚಹಾ ಹಿಡಿದು ನಿಂತಿದ್ದೆ.

ಊಟಕ್ಕೆ ಕೂತಾಗ ಪ್ರಿಯಾ ರೊಟ್ಟಿಯ ಒಂದು ತುತ್ತು ಮುರಿದು, ತಾಟಿನ ಅಂಚಿಗಿಟ್ಟು, "ಹಾಲ್ಯಾಗ" ಅಂದಳು. ನಿನ್ನ ದೊಡ್ಡಪ್ಪನ ಕೈ ಬಾಯಿಯ ಹತ್ತಿರವೇ ನಿಂತುಬಿಟ್ಟಿತು. ಹಾಗಂದರೇನೆಂದು ಅವರ ಮಗ ಮಾರೇಶ್ ಇಂಗ್ಲಿಷಿನಲ್ಲಿ ಕೇಳಿದ. ಆಕೆಗೂ ಅರ್ಥ ಗೊತ್ತಿಲ್ಲ. ಗಿಡ್ಡಮ್ಮ ಕಲಿಸಿದ ಪ್ರಾರ್ಥನೆ, ಉಣ್ಣುವ ಮೊದಲು ಮನೆಮಂದಿಯೆಲ್ಲ ಹೇಳುತ್ತೇವೆ ಅಂದಳು.

ಹಾಲ್ಯಾಗ, ಅಂದರೆ ಹಾಲ್ಯಾನಿಗೆ ಒಂದು ತುತ್ತು! ಆ ಹಾಲ್ಯಾ ಯಾರು ಕೋಮಲಾ? ನಮ್ಮ ವಂಶದ ಹಿರಿಯ ಹಾಲೇಶಪ್ಪ, ಗಿಡ್ಡಮ್ಮನ ಮಗ! ನನ್ನ ಕೈಯಲ್ಲಿದ್ದ ಸೌಟು ಜಾರಿ ನೆಲಕ್ಕೆ ಬಿತ್ತು. ನಾವಿಲ್ಲಿ ಸತ್ತಳೆಂದು ಅವಳಿಗೆ ಎಡೆ ಇಡುತ್ತಿದ್ದರೆ, ಆಕೆ ಅಲ್ಲಿ ಬದುಕಿ, ಬಿಟ್ಟುಬಂದ ಕೂಸಿಗೆ ತುತ್ತು ತೆಗೆದಿಡುತ್ತಿದ್ದಳು.

ಇನ್ನೂ ಇದೆ ಕೇಳು. ಬಿಟ್ಟುಬಂದ ಮಗನ ಹೆಸರು ಪ್ರಿಯಾಗೆ ಗೊತ್ತಿಲ್ಲದಿದ್ದರೂ ಉಳಿದ ಕಥೆಯನ್ನೆಲ್ಲ ಹೇಳಿದಳು. ಬರದಲ್ಲಿ ಮೊದಲು ಸತ್ತದ್ದು ಜೋಗಪ್ಪನಂತೆ. ಗಂಡ ಸತ್ತವಳಿಗೆ ಗಂಜಿ ಇಲ್ಲ, ಹುಡುಗನನ್ನು ಬಿಟ್ಟು ಹೋಗು ಎಂದು ಅವನ ಅಣ್ಣತಮ್ಮಂದಿರೇ ಬಾಗಿಲು ಹಾಕಿಕೊಂಡರಂತೆ. ಆಕೆ ಅಲ್ಲಿ ಇನ್ನೊಬ್ಬನ ಕೈಹಿಡಿದು, ಮಕ್ಕಳನ್ನು ಹೆತ್ತು, ಹಣ್ಣುಮುದುಕಿಯಾಗಿ ಕಣ್ಣುಮುಚ್ಚಿದಳಂತೆ.

"ಇದು ಹೊರಗ ಹೋಗಬಾರದು. ಆಕಿ ಮುತ್ತೈದಿನ ಇರ್ಲಿ" ಎಂದು ನಿನ್ನ ದೊಡ್ಡಪ್ಪ ಮಾರೇಶನಿಗೆ ತಾಕೀತು ಮಾಡಿದರು. ಹೊರಡುವಾಗ ಪ್ರಿಯಾಳನ್ನು, ನಿಮ್ಮ ಯಜಮಾನರು ಏನು ಕೆಲಸ ಮಾಡುತ್ತಾರೆ ಎಂದು ಮಾರೇಶನಿಂದ ಕೇಳಿಸಿದೆ. ತೀರಿಕೊಂಡು ಮೂರು ವರ್ಷವಾಯಿತಂತೆ! ಪೂಜೆ ಮಾಡಿಸಿಕೊಂಡವಳು ಗಂಡ ಸತ್ತವಳು, ಮಾಡಿದವಳು ಗಂಡ ಸತ್ತವಳು, ಹೊರಗೆ ನಿಂತ ನಾನೂ ಗಂಡ ಸತ್ತವಳು. ಎಲ್ಲರೆದುರು ಜೋರಾಗಿ ನಕ್ಕುಬಿಟ್ಟೆ. ಆಮೇಲೆ ಹಿತ್ತಲಿಗೆ ಹೋಗಿ ಹೊಟ್ಟೆತುಂಬ ಅತ್ತೆ.

ಸಂಜೆ ಧೈರ್ಯ ಮಾಡಿ, "ಭಾವಾರ, ಕೋಮಲಾನ ಅರಿಶಿಣಕ್ಕ ನಾನೂ ಒಳಗ ಬರ್ತೀನ್ರಿ" ಅಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. "ಮೊದ್ಲು ನಿನ್ನ ಮಗಳನ್ನ ಕೇಳು" ಅಂದು ಎದ್ದುಹೋದರು.

ಆರೋಗ್ಯ ನೋಡಿಕೋ. ಕಟ್ಟಿಕೊಳ್ಳುವವನೊಡನೆ ನೂರು ಕಾಲ ಸುಖವಾಗಿ ಬಾಳು ತಾಯಿ.

ನಿನ್ನ ಅವ್ವ,
ನಾಗಕ್ಕ

ತಾ.ಕ.: ಅವರು ಹಾಗೇಕೆ ಅಂದರೆಂದು ಮಾರೇಶನನ್ನು ಬಿಡದೆ ಕೇಳಿದೆ. "ಅರಿಶಿಣದ ದಿನ ಅವ್ವನ್ನ ಹೊರಗ ಕುಂದ್ರಸ್ರಿ ದೊಡ್ಡಪ್ಪ, ಅಪಶಕುನ ಆಗೋದು ಬ್ಯಾಡ" ಎಂದು ನೀನೇ ಹೇಳಿದ್ದೆಯಂತೆ. ಸುಳ್ಳಾಗಿದ್ದರೆ ಈ ಭಾನುವಾರವೇ ಬಂದು ಸುಳ್ಳು ಅನ್ನು. ನಿಜವಾಗಿದ್ದರೆ ಏನೂ ಹೇಳಬೇಡ. ನಾನೇ ಹೊರಗೆ ಕೂರುತ್ತೇನೆ.