ಹಸಿರು ಸಾಕೆಟ್ಟು, ನೀಲಿ ಪಿನ್ನು ಮತ್ತು ಅಮರಪ್ಪನವರ ಐಡಿ

ನಮ್ಮ ಮನೆಗೆ ಫೈಬರ್ ಇಂಟರ್‌ನೆಟ್ ಕೊಟ್ಟಿರುವ ಸಂಸ್ಥೆಯ ಪೂರ್ವ ವಲಯದ ಸೇವಾ ಗುಣಮಟ್ಟ ಅಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಟೆಕ್ನಿಷಿಯನ್ ಅಮರಪ್ಪನವರನ್ನು ಹೊಗಳಿ ನಾನು ಬರೆದ ನಾಲ್ಕು ಸಾಲುಗಳನ್ನೇ ಸಾಕ್ಷಿ ಮಾಡಿಕೊಂಡು ನೀವು ಅವರ ಐಡಿ ಬ್ಲಾಕ್ ಮಾಡಿದ್ದೀರಿ. ಹದಿನೆಂಟು ದಿನವಾಯಿತು. ಐಡಿ ಇಲ್ಲದಿದ್ದರೆ ಅವರಿಗೆ ಆ್ಯಪ್ ತೆರೆಯುವುದಿಲ್ಲ, ಆ್ಯಪ್ ತೆರೆಯದಿದ್ದರೆ ಕೆಲಸವಿಲ್ಲ. ಬರುವ ಸೋಮವಾರ ಅವರ ವಿಚಾರಣೆಯಂತೆ. ‘ಅಳತೆ ಸರಿಯಿದ್ದರೂ ಗ್ರಾಹಕರನ್ನು ದೂರು ಮುಂದುವರಿಸಲು ಪ್ರಚೋದಿಸಿದರು’ ಎನ್ನುವುದು ಆರೋಪ. ಆ ಪ್ರಚೋದಿತ ಗ್ರಾಹಕಿ ನಾನೇ. ಇಂಜಿನಿಯರಿಂಗ್ ಮೊದಲ ವರ್ಷದಲ್ಲಿದ್ದೇನೆ. ಕಗ್ಗದಾಸಪುರದಲ್ಲಿ ಒಂದು ಮನೆಯ ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದೇನೆ. ಪ್ರಚೋದನೆಗೆ ಒಳಗಾಗುವಷ್ಟು ಧೈರ್ಯ ನನಗೆ ಎಂದೂ ಇರಲಿಲ್ಲ. ಕ್ಲಾಸಿನಲ್ಲಿ ಹಾಜರಿ ಕೂಗಿದಾಗ ‘ಪ್ರೆಸೆಂಟ್’ ಎನ್ನುವುದಕ್ಕೇ ಎರಡು ಸಲ ಗಂಟಲು ಸರಿಮಾಡಿಕೊಳ್ಳುವವಳು ನಾನು.

ನಡೆದದ್ದು ಇಷ್ಟು. ಎರಡು ತಿಂಗಳಿಂದ ನಮ್ಮ ಕನೆಕ್ಷನ್ ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ಮೋಡೆಮ್ಮಿನ ದೀಪ ಮಾತ್ರ ಎಂದೂ ಆರಿಲ್ಲ. ಆನ್‌ಲೈನ್ ಇಂಟರ್ನಲ್ ಟೆಸ್ಟಿನಲ್ಲಿ ನಾನು ಬರೆದ ಹದಿನೈದು ಉತ್ತರಗಳಲ್ಲಿ ಆರು ಮಾತ್ರ ಕಾಲೇಜಿಗೆ ತಲುಪಿದವು. ಎರಡು ಸಲ ದೂರು ಕೊಟ್ಟೆ. ಎರಡು ಸಲವೂ ಬೇರೆ ಬೇರೆಯವರು ಬಂದರು, ವೈರಿನ ತುದಿ ಒರೆಸಿದರು, ಮೀಟರಿಗೆ ಸಿಕ್ಕಿಸಿದರು, ಫೋಟೋ ತೆಗೆದು ಆ್ಯಪ್‌ಗೆ ಹಾಕಿದರು. ಬೆಳಕಿನ ಅಳತೆ ಮೈನಸ್ ಇಪ್ಪತ್ತಮೂರು ಬಂತು. ಮೈನಸ್ ಇಪ್ಪತ್ತೇಳರವರೆಗೂ ಪಾಸಂತೆ. ಆ್ಯಪ್‌ನಲ್ಲಿ ಹಸಿರು ಟಿಕ್ ಬಿತ್ತು. ‘ದೂರು ಕ್ಲೋಸ್ ಮಾಡೋಕೆ ಓಟಿಪಿ ಹೇಳಿ ಮೇಡಂ’ ಅಂದರು, ಹೇಳಿದೆ. ದೂರು ಪರಿಹಾರವಾಯಿತು, ತೊಂದರೆ ಇದ್ದಲ್ಲೇ ಇತ್ತು.

ಮೂರನೇ ಸಲ ಬಂದವರು ಅಮರಪ್ಪ. ರಾಯಚೂರು ಕಡೆಯವರು. ಅವರೂ ಮೀಟರ್ ಇಟ್ಟರು, ಫೋಟೋ ತೆಗೆದರು. ಆಮೇಲೆ ಓಟಿಪಿ ಕೇಳುವ ಬದಲು ನನ್ನ ಲ್ಯಾಪ್‌ಟಾಪಿನಲ್ಲೇ ಮೋಡೆಮ್ಮಿನ ಒಳಗಿನ ಪುಟವನ್ನು ತೆರೆದು ಒಂದು ಸಂಖ್ಯೆಯ ಮೇಲೆ ಬೆರಳಿಟ್ಟರು. ಹತ್ತು ನಿಮಿಷ ಇಬ್ಬರೂ ಅದನ್ನೇ ನೋಡುತ್ತ ಕುಳಿತೆವು. ಅದು ನಾಲ್ಕು ಸಾವಿರ ದಾಟಿತು.

‘ಬೆಳಕು ಬರ್ಲಿಕ್ಕ ಹತ್ತೈತ್ರಿ ತಂಗಿ. ಬಂದದ್ದು ಕೆಟ್ಟು ಬರ್ಲಿಕ್ಕ ಹತ್ತೈತಿ. ಇವು ಎಲ್ಲಾ ಎರರ್ ನೋಡ್ರಿ.’

‘ಮತ್ತೆ ಮೀಟರಲ್ಲಿ ಸರಿ ತೋರಿಸ್ತಲ್ಲ ಸರ್?’

‘ಮೀಟರಿಗೇನ್ ಗೊತ್ತಾಗ್ತೈತ್ರಿ? ಎಷ್ಟು ಅಂತ ಹೇಳ್ತೈತಿ, ಎಂಥಾದ್ದು ಅಂತ ಹೇಳಂಗಿಲ್ಲ.’

ಗಲ್ಲಿಯ ತಿರುವಿನ ಕಂಬದ ಮೇಲೆ ನಿಮ್ಮ ಪೆಟ್ಟಿಗೆಯಿದೆ. ಹದಿನಾರು ಮನೆಗೆ ಅಲ್ಲಿಂದಲೇ ವೈರು. ಅದನ್ನು ತೆರೆದು ನೋಡಿಬಂದ ಅಮರಪ್ಪನವರ ಪ್ರಕಾರ, ಅದರೊಳಗೆ ಯಾರೋ ನಮ್ಮ ಲೈನಿನ ಹಸಿರು ಸಾಕೆಟ್ಟಿಗೆ ನೀಲಿ ಪಿನ್ನು ಹಾಕಿದ್ದಾರೆ. ಹಸಿರಿನ ತುದಿ ಓರೆಯಾಗಿ ಕೊಯ್ದದ್ದು, ನೀಲಿಯದು ನೇರ. ಒಂದಕ್ಕೊಂದು ಕೂಡುವುದಿಲ್ಲ, ಸ್ವಲ್ಪ ಬೆಳಕು ಮುಂದೆ ಹೋಗುತ್ತದೆ, ಸ್ವಲ್ಪ ಹಿಂದಕ್ಕೆ ಬಡಿದು ಉಳಿದದ್ದನ್ನು ಕೆಡಿಸುತ್ತದೆ. ಸ್ಟೋರಿನಲ್ಲಿ ಹಸಿರು ಪಿನ್ನು ಸ್ಟಾಕಿಲ್ಲ, ಆ ಪೆಟ್ಟಿಗೆಯಲ್ಲಿ ಏನನ್ನೂ ಬದಲಿಸುವ ಪರ್ಮಿಶನ್ನು ತಮಗಿಲ್ಲ ಎಂದರು. ‘ಓಟಿಪಿ ಕೊಡಬ್ಯಾಡ್ರಿ. ಕೊಟ್ರ ಇದು ಮುಚ್ಚಿಹೋಗ್ತೈತಿ’ ಎಂದು ಹೇಳಿ ಹೋದರು.

ನನಗೆ ಎಷ್ಟು ಖುಷಿಯಾಯಿತೆಂದರೆ, ಭೇಟಿಯ ನಂತರ ನಿಮ್ಮಿಂದ ಬಂದ ಫೀಡ್‌ಬ್ಯಾಕ್ ಲಿಂಕಿನಲ್ಲಿ ಐದು ಸ್ಟಾರ್ ಕೊಟ್ಟು, ‘ಇವರೊಬ್ಬರೇ ನಿಜ ಹೇಳಿದವರು, ಓಟಿಪಿ ಕೊಡಬೇಡಿ ಅಂತಲೂ ಹೇಳಿದರು’ ಎಂದು ವಿವರವಾಗಿ ಬರೆದೆ. ಕೆಳಗಿನ ಮನೆಯ ಓನರ್ ಶಾಂತಕುಮಾರಿ ಆಂಟಿ ಇನ್ಶೂರೆನ್ಸ್ ಆಫೀಸಿನಿಂದ ರಿಟೈರ್ ಆದವರು. ಅವರು ಕೇಳಿ ತಲೆ ಚಚ್ಚಿಕೊಂಡರು. ‘ಸ್ಟಾರ್ ಒತ್ತಿ ಸುಮ್ನಿರ್ಬೇಕು ಕಣೇ. ಫೈಲಿಗೆ ಯಾರಾದ್ರೂ ನಿಜ ಹಾಕ್ತಾರಾ? ಮೂವತ್ತು ವರ್ಷ ಸರ್ವಿಸ್‌ನಲ್ಲಿ ನಾನೇ ಹಾಕಿಲ್ಲ.’

ಮಾನ್ಯರೇ, ಆಪ್ಟಿಕಲ್ ಕಮ್ಯುನಿಕೇಶನ್ ನಮಗೆ ಮೂರನೇ ವರ್ಷಕ್ಕೆ ಬರುವ ವಿಷಯ. ಆದ್ದರಿಂದ ತಪ್ಪು ತಿಳಿದಿದ್ದರೆ ಎಂಬ ಹೆದರಿಕೆಯಲ್ಲೇ ನಮ್ಮ ಲ್ಯಾಬಿನ ನೂರ್ಜಹಾನ್ ಮೇಡಂ ಹತ್ತಿರ ಹೋಗಿ ಕೇಳಿದೆ. ಅವರು ಒಂದು ಪರದೆಯ ಮೇಲೆ ಡೇಟಾ ಸಾಗಿಸುವ ಸಾವಿರಾರು ಸೊನ್ನೆ, ಒಂದುಗಳ ಸಿಗ್ನಲ್ ಗೆರೆಗಳನ್ನು ಒಂದರ ಮೇಲೊಂದು ಬರೆಸಿ ತೋರಿಸಿದರು. ಸಿಗ್ನಲ್ ಚೆನ್ನಾಗಿದ್ದಾಗ ಗೆರೆಗಳ ನಡುವೆ ತೆರೆದ ಕಣ್ಣಿನಂಥ ಜಾಗ ಕಾಣುತ್ತದೆ. ಮೇಡಂ ಗದ್ದಲ ಸೇರಿಸುತ್ತ ಹೋದಂತೆ ಅದು ಮುಚ್ಚಿಕೊಂಡಿತು. ಪಕ್ಕದ ಮೀಟರಿನಲ್ಲಿ ಬೆಳಕಿನ ಅಂಕಿ ಮಾತ್ರ ಕದಲಲಿಲ್ಲ. ಸೊನ್ನೆ ಯಾವುದು, ಒಂದು ಯಾವುದು ಎಂದು ಆ ತುದಿಯಲ್ಲಿ ಗೊತ್ತಾಗದಿದ್ದರೆ ಬೆಳಕು ಎಷ್ಟಿದ್ದರೇನು? ಬಸ್ಸು, ಲಾರಿಗಳ ಗದ್ದಲದ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ನಿಂತು ಅಮ್ಮನಿಗೆ ಫೋನ್ ಮಾಡಿ ನೋಡಿ. ಕಿವಿಗೆ ಬೀಳುವ ಶಬ್ದಕ್ಕೆ ಅಲ್ಲಿ ಬರವಿಲ್ಲ. ನಿಮ್ಮ ಮೀಟರ್ ಅದನ್ನೂ ಪಾಸ್ ಮಾಡುತ್ತದೆ.

ಇಂಥ ಅಳತೆಯೇನೂ ನನಗೆ ಹೊಸದಲ್ಲ. ಏಳು ವರ್ಷ ಹಾಸ್ಟೆಲಿನಲ್ಲಿ ಬೆಳೆದವಳು. ಇನ್‌ಸ್ಪೆಕ್ಷನ್ನಿಗೆ ಬಂದವರು ಅನ್ನವನ್ನು ತಟ್ಟೆ ಸಮೇತ ತೂಗಿ, ಸರಿಯಾಗಿದೆ ಎಂದು ಸಹಿ ಹಾಕಿ ಹೋಗುತ್ತಿದ್ದರು. ಹಳಸಿದ ಅನ್ನ ತೂಕದಲ್ಲಿ ಯಾವತ್ತೂ ಕಡಿಮೆ ಬರಲಿಲ್ಲ. ಆಗ ನಾವು ಸುಮ್ಮನೆ ಉಂಡೆವು. ಸುಮ್ಮನಿದ್ದು ಅಭ್ಯಾಸವಾದವರಿಗೆ ಹೀಗೆ ಕಾಗದ ಬರೆಯುವುದೂ ಆಯಾಸ. ಇದು ಐದನೆಯ ಪ್ರತಿ, ನಾಲ್ಕನ್ನು ಹರಿದಿದ್ದೇನೆ.

ಕಳೆದ ಬುಧವಾರ ನಿಮ್ಮ ಕಚೇರಿಯಿಂದ ಫೋನ್ ಬಂತು. ಅತ್ಯಂತ ವಿನಯದ ದನಿ.

‘ಮೇಡಂ, ಓಟಿಪಿ ಹೇಳ್ಬಿಡಿ. ಟೆಕ್ನಿಷಿಯನ್ ಮಿಸ್‌ಗೈಡ್ ಮಾಡಿದ್ರು ಅಂತ ಒಂದೇ ಒಂದ್ ಲೈನ್ ಮೇಲ್ ಹಾಕಿ. ನಾಳೇನೇ ನಿಮ್ ಕನೆಕ್ಷನ್ ಬೇರೆ ಬಾಕ್ಸಿಗೆ ಚೇಂಜ್ ಮಾಡಿಸ್ತೀನಿ.’

‘ಈಗಿರೋದು ಸರಿಯಿದೆ ಅಂತೀರಲ್ಲ ಸರ್. ಮತ್ತೆ ಯಾಕೆ ಚೇಂಜ್ ಮಾಡ್ತೀರಾ?’

‘ಹಲೋ? ಕೇಳಿಸ್ತಿಲ್ಲ ಮೇಡಂ’ ಎಂದು ಎರಡು ಸಲ ಅಂದರು. ಆ ಒಂದು ಸಲ ಮಾತ್ರ ದೋಷ ಲೈನಿನದಾಗಿರಲಿಲ್ಲ. ಕೊನೆಗೆ ‘ಅದು ಗುಡ್‌ವಿಲ್ ಮೇಡಂ’ ಅಂದರು.

ಮರುದಿನ ಸಂಜೆ ಅಮರಪ್ಪನವರೇ ಗೇಟಿನ ಹತ್ತಿರ ಬಂದು ನಿಂತಿದ್ದರು. ಬೈಯಬಹುದು ಅಂದುಕೊಂಡೇ ಗೇಟು ತೆರೆದೆ. ಅವರು ಬೈಯಲಿಲ್ಲ. ‘ನೀವು ಛಲೋ ಆಗ್ಲಿ ಅಂತ ಬರದೀರಿ, ನಾ ತಪ್ಪು ತಿಳ್ಕೊಂಡಿಲ್ರಿ. ಸೋಮವಾರ ಕರದಾರ. ನಾ ಹಂಗ ಅಂದೇ ಇಲ್ಲ ಅಂದ್ರ ಐಡಿ ಮತ್ತ ಚಾಲೂ ಮಾಡ್ತಾರಂತ. ನೀವ್ ಹೇಳ್ರಿ ತಂಗಿ, ಏನಂತ ಹೇಳ್ಲಿ?’ ಎಂದು ಕೇಳಿದರು. ನನ್ನ ಎರಡರಷ್ಟು ವಯಸ್ಸಿನವರು. ಕೆಲಸ ಉಳಿಯಲು ಸುಳ್ಳು ಹೇಳಲೇ ಎಂದು ನನ್ನನ್ನು ಕೇಳುತ್ತಿದ್ದರು. ಈ ಪತ್ರವೇ ಉತ್ತರ.

ನಾನು ಕೇಳುವುದು ಇಷ್ಟೇ. ಸೋಮವಾರಕ್ಕಿಂತ ಮೊದಲು ಆ ಪೆಟ್ಟಿಗೆಯ ಬಾಗಿಲು ತೆಗೆಸಿ. ಒಳಗಿನ ಬಣ್ಣ ನೋಡಲು ಯಾವ ಮೀಟರೂ ಬೇಡ. ನಮ್ಮ ಲೈನಿನ ಎರರ್‌ಗಳನ್ನು ಒಂದು ಇಡೀ ದಿನ ಎಣಿಸಿ, ಬಂದ ಸಂಖ್ಯೆಯನ್ನು ಬರೆದಿಡಿ. ನಿಮ್ಮ ಫಾರ್ಮಿನಲ್ಲಿ ಅದಕ್ಕೆ ಕಾಲಮ್ ಇಲ್ಲವಾದರೆ ಮಾರ್ಜಿನ್ನಿನಲ್ಲಿ ಬರೆಯಿರಿ. ಸೊನ್ನೆ ಬಂದರೆ ನನ್ನ ಕನೆಕ್ಷನ್ ಕಿತ್ತುಹಾಕಿ, ನಾನೇ ಕ್ಷಮೆ ಕೇಳುತ್ತೇನೆ. ಸೊನ್ನೆಯಲ್ಲದಿದ್ದರೆ ಅಮರಪ್ಪನವರ ಐಡಿಯನ್ನು ಅಂದೇ ತೆರೆಯಿರಿ. ಅವರಿಂದ ‘ಹಾಗೆ ಅನ್ನಲೇ ಇಲ್ಲ’ ಎಂದು ಬರೆಸಿಕೊಳ್ಳಬೇಡಿ. ಅಂದಿದ್ದರು. ನಾನು ಕೇಳಿಸಿಕೊಂಡಿದ್ದೇನೆ.

ವಿಚಾರಣೆ ಬೆಳಿಗ್ಗೆ ಹತ್ತೂವರೆಗಂತೆ. ಅದೇ ಹೊತ್ತಿಗೆ ನನಗೆ ಗಣಿತದ ಇಂಟರ್ನಲ್ ಇದೆ. ಈ ಸಲ ಅದು ಆನ್‌ಲೈನ್ ಅಲ್ಲ, ಮತ್ತೊಮ್ಮೆ ಬರೆಯಲೂ ಬಿಡುವುದಿಲ್ಲ. ಆದರೂ ನಿಮ್ಮಲ್ಲಿಗೇ ಬರುತ್ತೇನೆ. ಗೇಟಿನಲ್ಲಿ ತಡೆಯದಂತೆ ನನ್ನ ಹೆಸರು ಬರೆಸಿಡಿ.

ಇಂತಿ,
ನಿಮ್ಮ ದಾಖಲೆಯಲ್ಲಿ ಎರಡು ಸಲ ಸಂತೃಪ್ತಳಾದ ಗ್ರಾಹಕಿ,
ತನ್ಮಯಿ
ಕಗ್ಗದಾಸಪುರ