ಜುಮ್ಮೆನ್ನುವ ಗಂಟೆ

ಜಾವಗಲ್
ಶನಿವಾರ, ೧೮-೧-೧೯೪೧

ಅವ್ವನ ಪಾದಗಳಿಗೆ ಶಾಂತಾದೇವಿಯ ಶರಣಾರ್ಥಿಗಳು.

ಇಲ್ಲಿ ನಾವೆಲ್ಲ ಕ್ಷೇಮ. ಪ್ರತಿ ಕಾಗದದಲ್ಲೂ ಕೈ ತಾನಾಗಿ ಬರೆದುಬಿಡುವ ಮಾತು ಇದು; ಈ ಸಲ ಯೋಚಿಸಿ ಬರೆದಿದ್ದೇನೆ. ಹೋದ ಸೋಮವಾರ ಈ ಮನೆಯಲ್ಲಿ ಒಂದು ಹೆಣ ಬೀಳಬೇಕಾಗಿತ್ತು, ಬೀಳಲಿಲ್ಲ. ಬೀಳದ ಹಾಗೆ ನೋಡಿಕೊಂಡವಳು ನಿನ್ನ ಮಗಳು. ಜಂಬ ಅಂದುಕೊಂಡರೆ ಹೌದು, ಜಂಬವೇ. ಅತ್ತೆಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡಿರು ಎಂದು ಹೇಳಿ ಕಳಿಸಿದ್ದೆಯಲ್ಲ, ಆ ಬೀಗ ಒಡೆದುಹಾಕಿದೆ. ಪೂರ್ತಿ ಓದಿದ ಮೇಲೆ ಬೈಯುವೆಯಂತೆ.

ದೀಪಾವಳಿಗೆ ಮುಂಚೆ ನಮ್ಮ ಮನೆಗೆ ಕರೆಂಟು ಬಂದ ಸಂಗತಿ ನಿನಗೆ ಗೊತ್ತೇ ಇದೆ. ನಮ್ಮದು ಮುತ್ತಜ್ಜನ ಕಾಲದ ಮನೆ. ಮಣ್ಣಿನ ಗೋಡೆ, ಮರದ ತೊಲೆ, ಅಟ್ಟದ ತುಂಬ ಕೊಬ್ಬರಿಗೆಂದು ಇಟ್ಟ ತೆಂಗಿನಕಾಯಿ. ತಂತಿ ಎಳೆಯಲು ಬಂದವನು ದಾರಿ ಹತ್ತಿರವೆಂದು ಅದನ್ನು ಅಟ್ಟದ ಮೇಲೆ, ಕಾಯಿಗಳ ನಡುವೆಯೇ ಹಾಯಿಸಿದ. ಕಾಯಿ ಇದ್ದ ಕಡೆ ಇಲಿ ಇರುವುದಿಲ್ಲವೇ, ಇಲಿ ಸುಮ್ಮನಿರುತ್ತದೆಯೇ ಎಂದು ಅಂದೇ ನಿನ್ನ ಅಳಿಯನನ್ನು ಕೇಳಿದೆ. ನಮ್ಮ ಬೀದಿಗೆಲ್ಲ ನಮ್ಮ ಮನೆಯದೇ ಮೊದಲ ದೀಪ ಎಂದು ಅವರು ನೆಲ ಬಿಟ್ಟು ನಡೆಯುತ್ತಿದ್ದ ಕಾಲ ಅದು. ನನ್ನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಈ ವರ್ಷದ ಚಳಿ ನಿನಗೆ ಹೇಳಬೇಕಾಗಿಲ್ಲ. ಮಂಜು ಬಿಸಿಲೇರುವ ತನಕ ಸರಿಯುವುದಿಲ್ಲ, ಗೋಡೆಗಳೆಲ್ಲ ಬೆವರುತ್ತವೆ. ಮಾರ್ಗಶಿರದ ಒಂದು ಬೆಳಿಗ್ಗೆ ಅತ್ತೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ದೇವರಮನೆಗೆ ಹೋಗಿ, ಅಟ್ಟದ ತೊಲೆಗೆ ತೂಗುಹಾಕಿದ ಗಂಟೆಯ ಸರಪಳಿ ಹಿಡಿದರು. ಹಿಡಿದವರು ಹಾಗೇ ಕಣ್ಣು ಮುಚ್ಚಿ ನಿಂತುಬಿಟ್ಟರು. ಆಮೇಲೆ ನನ್ನನ್ನು ಕರೆದು, “ಹೆಗಲತಂಕ ಜುಮ್ ಅಂತು ಕಣೆ. ಸ್ವಾಮಿ ಬಂದವ್ನೆ” ಎಂದರು. ಪಕ್ಕದ ಮನೆ ಬಸಮ್ಮ ಬಂದು ಮುಟ್ಟಿದಳು, ಅವಳಿಗೂ ಜುಮ್ಮೆಂದಿತು. ಅಷ್ಟು ಸಾಕಲ್ಲ ಊರಿಗೆ.

ನನಗೆ ಆವತ್ತೇ ಅನುಮಾನ. ಅರಸೀಕೆರೆಯಲ್ಲಿ ನಮ್ಮ ಬಚ್ಚಲ ಗೋಡೆಯ ಕರೆಂಟು ನನ್ನನ್ನು ಹೊಡೆದದ್ದು, ನೀನು ಸೆರಗು ಹಿಡಿದು ಎಳೆದು, ಉಳಿದೆನೆಂದು ಖಾತ್ರಿಯಾದ ಮೇಲೆ ಬೆನ್ನಿಗೆ ಎರಡು ಕೊಟ್ಟದ್ದು ಮರೆಯುವಂಥದ್ದೇ? ಆ ಜುಮ್ಮು ನನಗೆ ಗೊತ್ತು. ಆದರೆ ಹೇಳುವುದು ಹೇಗೆ ಅವ್ವ? ಮಾವ ಹೋದಂದಿನಿಂದ ಅತ್ತೆ ಯಾರ ಮನೆಯ ಶುಭಕಾರ್ಯದಲ್ಲೂ ಮೂಲೆ ಹಿಡಿದು ಕೂತವರು. ಈಗ ಅದೇ ಹೆಂಗಸರು ಅವರನ್ನು ನಡುಮನೆಯಲ್ಲಿ ಕೂರಿಸಿ, ಅವರ ಕೈಯಿಂದ ವಿಭೂತಿ ಇಟ್ಟುಕೊಂಡು ಹೋಗುತ್ತಿದ್ದರು. ಅತ್ತೆಯ ಮುಖ ತೊಳೆದಿಟ್ಟ ಕಂಚಿನ ಹಾಗೆ ಆಗಿತ್ತು. ಅದು ಸ್ವಾಮಿಯಲ್ಲ, ಇಲಿ ಕಡಿದ ತಂತಿ ಎನ್ನಲು ನನಗೆ ನಾಲಗೆ ಏಳಲಿಲ್ಲ.

ಅಷ್ಟರಲ್ಲಿ ಮಠದ ಏಕಾಂತಯ್ಯನವರು ಪಾದಪೂಜೆಗೆ ಬಂದರು. ಮಣೆಯ ಮೇಲೆ ನಿಂತೇ ಗಂಟೆ ಹಿಡಿದರು. ಏನೂ ಆಗಲಿಲ್ಲ. ಅಲ್ಲಾಡಿಸಿದರು, ತಬ್ಬಿಯೂ ಹಿಡಿದರು. “ನಮ್ಮಂಥೋರಿಗೆ ಒಲಿಯೋನಲ್ಲ ಬಿಡವ್ವ” ಎಂದು ನಕ್ಕರು. ಊರ ಹೆಂಗಸರು ಅಯ್ಯನವರ ಭಕ್ತಿಯನ್ನೇ ತೂಗಿ ನೋಡಿ, ತೂಕ ಸಾಲದೆಂದು ತೀರ್ಮಾನಿಸಿದರು. ನನ್ನ ಕಣ್ಣು ಮಾತ್ರ ಆ ಒಣ ಹಲಸಿನ ಮಣೆಯ ಮೇಲಿತ್ತು. ಒಣ ಮರದ ಮೇಲೆ ನಿಂತವರಿಗೆ ಕರೆಂಟು ಹೊಡೆಯುವುದಿಲ್ಲ; ನನ್ನ ಅನುಮಾನ ಅಲ್ಲಿಗೆ ಖಾತ್ರಿಯಾಯಿತು.

ಹೋದ ವಾರದ ಶುಕ್ರವಾರ, ನಮ್ಮ ಮನೆಯ ಕೆಲಸದ ಕೆಂಚಮ್ಮ ದೇವರಮನೆ ಸಾರಿಸುತ್ತಾ ಆ ಒದ್ದೆ ನೆಲದಲ್ಲೇ ನಿಂತು ಸರಪಳಿ ಹಿಡಿದಳು. ಎತ್ತಿ ಒಗೆದ ಹಾಗೆ ಬಿದ್ದಳು. ಹಲ್ಲು ಕಚ್ಚಿಕೊಂಡಿದ್ದವು. ನೀರು ಚಿಮುಕಿಸಿ, ಕೈಕಾಲು ತಿಕ್ಕಿದ ಮೇಲೆ ಕಣ್ಣು ಬಿಟ್ಟಳು. ಕೆಂಚಮ್ಮನಿಗೆ ಪೂರ್ತಿ ಒಲಿದುಬಿಟ್ಟ ಎಂದು ಬೀದಿಯೆಲ್ಲ ಕುಣಿಯಿತು! ಪುಷ್ಯದ ಹುಣ್ಣಿಮೆ ಸೋಮವಾರವೇ ಬಿದ್ದಿದೆ, ಎಲ್ಲರೂ ತಲೆಗೆ ನೀರು ಹಾಕಿಕೊಂಡು ತುಂಬಿದ ಕೊಡ ಹೊತ್ತು ಬಂದು ಲಿಂಗಕ್ಕೆ ಎರೆದು ಗಂಟೆ ಹಿಡಿಯೋಣ ಎಂದು ಗೊತ್ತು ಮಾಡಿದರು. ನಿನ್ನ ಅಳಿಯನಿಗೆ ಹೇಳಿದರೆ, ಅವರು ಅಟ್ಟ ಹತ್ತಿ ನೋಡಿ ಬಂದು ಬಿಳಿಚಿಕೊಂಡರು. ಇಲಿ ತಂತಿಯ ಮೇಲಿನ ಬಟ್ಟೆಯನ್ನೆಲ್ಲ ತಿಂದು, ಬರೀ ತಾಮ್ರ ಗಂಟೆಯ ಕೊಕ್ಕೆಗೆ ತಾಗಿಕೊಂಡಿತ್ತಂತೆ. ಸರಿ, ಹೋಗಿ ಅಮ್ಮನಿಗೆ ಹೇಳಿ ಎಂದೆ. “ನೀನೇ ಹೇಳು ಮಾರಾಯ್ತಿ” ಎಂದರು. ಹುಲಿಯ ಬಾಯಿಗೆ ಬೇಕಾದರೂ ಕೈ ಹಾಕಿಯಾರು, ಅವರ ಅಮ್ಮನ ಮುಂದೆ ಮಾತ್ರ ಬಾಯಿ ಬಿಡುವುದಿಲ್ಲ.

ಸೋಮವಾರ ಎದ್ದವಳೇ ಮೈನ್ ಸ್ವಿಚ್ಚು ಕೆಳಗೆ ಎಳೆದೆ. ಎಲ್ಲ ಬಂದು ಹೋಗಲಿ, ಆಮೇಲೆ ಅತ್ತೆಗೆ ಒಬ್ಬರೇ ಇದ್ದಾಗ ಹೇಳೋಣ ಎಂದಿದ್ದೆ. ಹೆಂಗಸರು ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ಸಾಲುಗಟ್ಟಿದರು. ಮೊದಲು ಬಸಮ್ಮ ಹಿಡಿದಳು. ಏನೂ ಇಲ್ಲ. ಇನ್ನೊಬ್ಬಳು ಹಿಡಿದಳು, ಏನೂ ಇಲ್ಲ. ಗುಸುಗುಸು ಎದ್ದಿತು. ಯಾರೋ ಮೈಲಿಗೆ ಮಾಡಿದ್ದಾರೆ ಎಂದರು ಕೆಲವರು. ಅತ್ತೆಯ ಹೆಸರನ್ನೇ ಹಿಡಿದು, ಮಹದೇವಮ್ಮ ಇಷ್ಟು ದಿನ ಆಟ ಕಟ್ಟಿದಳು ಎಂದಿತು ಒಂದು ದನಿ. ಅತ್ತೆಯ ಮುಖದಲ್ಲಿ ರಕ್ತವಿರಲಿಲ್ಲ. ಅದನ್ನು ನೋಡಿ ನನಗೆ ತಡೆಯಲಿಲ್ಲ ಅವ್ವ. “ಮೈಲಿಗೇನೂ ಅಲ್ಲ, ಅತ್ತೆ ಆಟ ಕಟ್ಟಿಲ್ಲ. ಗಂಟೇಲಿ ಕರೆಂಟು ಬತ್ತಾ ಇತ್ತು, ನಾನು ತೆಗೆದಿದ್ದೀನಿ. ಈ ಒದ್ದೆ ಮೈಯಲ್ಲಿ ಹಿಡಿದ್ರೆ ಪ್ರಾಣ ಹೋಗುತ್ತೆ” ಎಂದುಬಿಟ್ಟೆ.

ಅತ್ತೆಗೆ ಸಿಕ್ಕ ಮರ್ಯಾದೆ ಕಂಡು ಸೊಸೆಗೆ ಹೊಟ್ಟೆಕಿಚ್ಚು ಎಂದಳು ಬಸಮ್ಮ. ನಾನು ತಿರುಗಿ ಹೇಳುವ ಮೊದಲೇ ಅತ್ತೆ ಎದ್ದು ನಿಂತರು. “ಸುಮ್ಕಿರು ಬಸಮ್ಮ. ನನ್ನ ಸೊಸೆ ಬಾಯಿ ಜೋರು, ಸುಳ್ಳುಗಾತಿ ಅಲ್ಲ. ಶಾಂತಾ, ತೋರಿಸು” ಎಂದರು.

ಎಲ್ಲರನ್ನೂ ಗಂಟೆಯಿಂದ ದೂರ, ಹಜಾರಕ್ಕೆ ಕಳಿಸಿದೆ. ಅರಸೀಕೆರೆಯ ಮಿಸ್ತ್ರಿ ನಮ್ಮ ಬಚ್ಚಲಿನಲ್ಲಿ ಬಲ್ಬು ಕಟ್ಟಿ ಪರೀಕ್ಷೆ ಮಾಡಿದ್ದನಲ್ಲ, ಹಾಗೆಯೇ ಮಾಡಿಸಿದೆ. ನಿನ್ನ ಅಳಿಯ ಬಲ್ಬಿನ ಒಂದು ತಂತಿಯನ್ನು ಸರಪಳಿಗೆ, ಇನ್ನೊಂದನ್ನು ಬಾವಿಯ ಕಬ್ಬಿಣದ ಕಂಬಕ್ಕೆ ಕಟ್ಟಿ ದೂರ ಸರಿದರು. ನಾನು ಮಣೆಯ ಮೇಲೆ ನಿಂತು ಸ್ವಿಚ್ಚು ಮೇಲಕ್ಕೆತ್ತಿದೆ. ಬಲ್ಬು ಹೊತ್ತಿಕೊಂಡಿತು. ಇಳಿಸಿದೆ, ಆರಿತು. ಇನ್ನೊಂದು ಸಲ ಎಂದರು ಅತ್ತೆ. ಮತ್ತೆ ಹೊತ್ತಿತು, ಮತ್ತೆ ಆರಿತು. ಅತ್ತೆ ಹೆಂಗಸರ ಕಡೆ ತಿರುಗಿ, “ನೋಡಿದ್ರಾ? ಇವಳಿಲ್ದೆ ಇದ್ರೆ ಇವತ್ತು ಹುಣ್ಣಿಮೆ ಅಡಿಗೆ ಬದ್ಲು ತಿಥಿ ಅಡಿಗೆಗೆ ಅಕ್ಕಿ ಅಳೀಬೇಕಾಗಿತ್ತು” ಎಂದರು. ಮೊದಲು ನಕ್ಕವಳು ಕೆಂಚಮ್ಮ. ಆಮೇಲೆ ಎಲ್ಲರೂ ನಕ್ಕರು, ಬಸಮ್ಮನೂ ಸೆರಗು ಮರೆಮಾಡಿಕೊಂಡು ನಕ್ಕಳು.

ಆಮೇಲಿನದೆಲ್ಲ ಅತ್ತೆಯದೇ ದರ್ಬಾರು. ಹಾಸನದಿಂದ ಬೇರೆ ಮಿಸ್ತ್ರಿಯನ್ನು ಕರೆಸಿದರು. ಅಟ್ಟದ ತಂತಿಯೆಲ್ಲ ಕಿತ್ತು, ಇಲಿಯ ಹಲ್ಲು ತಾಗದ ಹಾಗೆ ಕಬ್ಬಿಣದ ಕೊಳವೆಯೊಳಗೆ ಗೋಡೆಯ ಮೇಲೆ ಎಳೆಸಿದ್ದಾಯಿತು. ದಾರಿ ತಪ್ಪಿದ ಕರೆಂಟು ಭೂಮಿಗೆ ಇಳಿದುಹೋಗಲಿ ಎಂದು ಹಿತ್ತಲಲ್ಲಿ ಗುಂಡಿ ತೆಗೆದು ತಾಮ್ರದ ಹಲಗೆ ಹೂಳಬೇಕು, ಸುತ್ತ ಉಪ್ಪು ಇದ್ದಿಲು ತುಂಬಬೇಕು ಎಂದ ಮಿಸ್ತ್ರಿ. ಬೀದಿಯ ಹೆಂಗಸರೆಲ್ಲ ತಮ್ಮ ತಮ್ಮ ಒಲೆಯ ಇದ್ದಿಲನ್ನೂ ಉಪ್ಪನ್ನೂ ಮೊರದಲ್ಲಿ ತಂದು ಸುರಿದರು. ಮಣ್ಣು ಒಣಗಬಾರದಂತೆ, ಈಗ ದಿನವೂ ಬೆಳಿಗ್ಗೆ ಅತ್ತೆ ಲಿಂಗಕ್ಕೆ ಎರೆದ ಮೇಲೆ ಆ ಗುಂಡಿಗೂ ಒಂದು ಕೊಡ ನೀರು ಹಾಕುತ್ತಾರೆ.

ನಿನ್ನೆ ನಮ್ಮ ಬೀದಿಯ ರೇವಣಸಿದ್ದಪ್ಪನವರ ಮನೆಗೆ ಕರೆಂಟು ಬಂತು. ಮದುವೆಯ ಮನೆ ಅದು. ಅವರು ತಾವೇ ಬಂದು, ಮಹದೇವಮ್ಮನೋರು ತಂತಿ ನೋಡಿ ಸರಿ ಅನ್ನದೆ ದೀಪ ಹಾಕುವುದಿಲ್ಲ ಎಂದರು. ಅತ್ತೆ ಅಟ್ಟ, ಬಚ್ಚಲು, ಗುಂಡಿ ಎಲ್ಲ ನೋಡಿ, ಇದ್ದಿಲು ಸಾಲದೆಂದು ಇನ್ನೊಂದು ಮೊರ ಹಾಕಿಸಿ, ಆಮೇಲೆ ಒಪ್ಪಿದರು. ಮೊದಲ ಸ್ವಿಚ್ಚನ್ನು ಅತ್ತೆಯ ಕೈಯಿಂದಲೇ ಹಾಕಿಸಿದರು ಅವ್ವ, ಮದುಮಗಳನ್ನು ಪಕ್ಕದಲ್ಲಿ ನಿಲ್ಲಿಸಿ. ನಾನು ಹಿಂದೆ ನಿಂತು ಅತ್ತೆ ಅಂದರೆ ಅತ್ತೆ ಅಂದುಕೊಂಡೆ. ಅಪ್ಪನಿಗೆ ಈ ಕಾಗದ ಓದಿ ಹೇಳು. ನಮ್ಮ ಬಚ್ಚಲ ತಂತಿಯನ್ನೂ ಒಮ್ಮೆ ನೋಡಿಸಿ.

ಬೀಗ ಒಡೆದುಕೊಂಡ ನಿನ್ನ ಮಗಳು,
ಶಾಂತಾದೇವಿ

ಮರೆತಿದ್ದೆ: ಈ ದಿನ ಬೆಳಿಗ್ಗೆ ನಾನು ಅತ್ತೆಯ ತಲೆ ಬಾಚುತ್ತಿದ್ದಾಗ ಅವರು ತಾವಾಗಿ ಹೇಳಿದರು. ಕರೆಂಟು ಹೋಗಿದ್ದ ಒಂದು ದಿನ ಗಂಟೆ ಜುಮ್ಮೆನ್ನಲಿಲ್ಲವಂತೆ. ಅದು ಸ್ವಾಮಿಯಲ್ಲ, ಕರೆಂಟು ಎಂದು ಅವರಿಗೆ ಆವತ್ತೇ ಗೊತ್ತಾಗಿತ್ತಂತೆ. “ಬರೀ ಜುಮ್ಮು, ಅದರಿಂದೇನು ಅಂತಿದ್ದೆ ಕಣೆ. ಜನ ಬಂದು ಎದುರಿಗೆ ಕೂರ್ತಿದ್ರಲ್ಲ, ಹೇಳೋಕೆ ಬಾಯಿ ಬರ್ಲಿಲ್ಲ. ಕೆಂಚಮ್ಮ ಬಿದ್ದಾಗ ಜೀವ ಬಾಯಿಗೆ ಬಂತು. ಯಾರಾದ್ರೂ ನಿಲ್ಸಿದ್ರೆ ಸಾಕಪ್ಪ ಅಂತ ಕಾಯ್ತಾ ಇದ್ದೆ” ಎಂದರು. ನಾನು ಬಾಚಿ ಮುಗಿಸಿ ಅವರ ತುರುಬು ಕಟ್ಟಿದೆ. ಅಷ್ಟರಲ್ಲಿ ಬಸಮ್ಮ ಬಾಗಿಲಲ್ಲಿ ನಿಂತು, ವಿಭೂತಿ ಕೊಡಿ ಎಂದು ಕರೆದಳು. ಅತ್ತೆ ಎದ್ದರು. “ಈಗ ಗಂಟೇಲಿ ಏನೂ ಇಲ್ಲ. ಆದ್ರೂ ಬತ್ತಾರೆ ನೋಡೆ” ಎಂದು ನಗುತ್ತಾ ಹೊರಗೆ ಹೋದರು.