ಇಂಟರ್ವಲ್ ಆದಮೇಲಿನ ದೆವ್ವ

ಅತ್ತಿ,

ನೀವು ಕ್ಷೇಮವೇ ಅಂತ ಕೇಳಿ ಶುರು ಮಾಡೋಣ ಅಂದರೆ ಪೆನ್ನು ಮುಂದೆ ಹೋಗಲಿಲ್ಲ. ನಾವು ಕ್ಷೇಮ. ಮಾವನವರ ಮೊಣಕಾಲು ನೋವು ಹಾಗೇ ಇದೆ, ತೋಟದ ಲಿಂಬೆ ಗಿಡಗಳು ಈ ಸಲ ಚೆನ್ನಾಗಿ ಹೂ ಬಿಟ್ಟಿವೆ, ನಿಮ್ಮ ಮಗ ಈಗಲೂ ಊಟಕ್ಕೆ ಕೂತು ಫೋನು ನೋಡುತ್ತಾರೆ. ನೀವು ಹೋಗಿ ಹದಿಮೂರು ತಿಂಗಳಾದ ಮೇಲೆ ಕಾಗದ ಬರೆಯುವ ಹುಚ್ಚು ಈ ಸೊಸೆಗೆ ಯಾಕೆ ಹಿಡಿಯಿತು ಅಂತೀರಾ? ನಿಮಗೊಂದು ಕಥೆ ಹೇಳುವುದಿತ್ತು. ಅರ್ಧ ನಿಮಗೆ ಗೊತ್ತಿರುವುದೇ. ಉಳಿದರ್ಧ ಮೊನ್ನೆ ಭಾನುವಾರದವರೆಗೆ ನನಗೂ ಗೊತ್ತಿರಲಿಲ್ಲ.

ಮೊದಲ ಸಲ ನೀವು ನನ್ನನ್ನು ಸಿಂದಗಿಗೆ ಕರೆದುಕೊಂಡು ಹೋದದ್ದು ನೆನಪಿದೆಯಾ? ತಂಗಡಗಿಯಿಂದ ಸೊಸೆಯಾಗಿ ಇಂಡಿಗೆ ಬಂದು ಎರಡು ತಿಂಗಳಾಗಿತ್ತು. ಶನಿವಾರ, ಅರ್ಧ ದಿನದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡಿ ಬಂದಿದ್ದೆ. ನೀವು ಮಾವನವರಿಗೆ ಕೇಳುವಂತೆ, "ರೇಣುಕಾ, ಸೀರಿಗೆ ಫಾಲ್ ಹಚ್ಚಿಸಾಕ ಸಿಂದಗಿಗೆ ಹೋಗೂದೈತಿ, ನೀನೂ ಬಾ" ಅಂದಿರಿ. ಇಂಡಿಯಲ್ಲಿ ಫಾಲ್ ಹಚ್ಚುವವರಿಗೇನು ಬರವೇ ಅಂತ ಕೇಳಬೇಕೆನಿಸಿತು, ಹೊಸ ಸೊಸೆ, ಕೇಳಲಿಲ್ಲ. ಬಸ್ಸು ಊರು ದಾಟಿದ ಮೇಲೆ ನನ್ನ ಕಿವಿಯಲ್ಲಿ ಹೇಳಿದಿರಿ: "ದೆವ್ವಿನ ಸಿನಿಮಾ ಬಂದೈತಿ. ನಿಮ್ಮ ಮಾವಗ ಹೇಳಬ್ಯಾಡ. ಅವರು ದೆವ್ವಿನ ಹೆಸರು ಕೇಳಿದ್ರನ ಅಂಜ್ತಾರ." ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ಮನೆಯಲ್ಲಿ ಹೇಗಪ್ಪಾ ಅಂತ ಎರಡು ತಿಂಗಳಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಹೆದರಿಕೆ ಅವತ್ತೇ ಹೋಯಿತು.

ಆಮೇಲೆ ಎಂಟು ವರ್ಷ. ದೆವ್ವದ ಸಿನಿಮಾ ಬಂದ ಶನಿವಾರವೆಲ್ಲ ನಮ್ಮದೇ. ನಿಮ್ಮಂತೆ ಸಿನಿಮಾ ನೋಡುವವರನ್ನು ನಾನು ಬೇರೆ ಕಡೆ ಕಂಡಿಲ್ಲ. ಮಂತ್ರವಾದಿ ಲಿಂಬೆಹಣ್ಣು ಕೊಯ್ದು ರಕ್ತ ಸುರಿಸಿದಾಗ ಇಡೀ ಟಾಕೀಸು ಉಸಿರು ಹಿಡಿದು ಕೂತಿತ್ತು. ನೀವು ಜೋರಾಗಿಯೇ ಅಂದಿರಿ: "ಅದು ಗಿಡದಿಂದ ಇಳಿಸಿ ಎಂಟು ದಿನ ಆಗೈತಿ, ತೊಟ್ಟು ನೋಡ ಹೆಂಗ ಕರ್ರಗಾಗೈತಿ. ಇಂಥಾದಕ್ಕ ದೆವ್ವ ಬಿಟ್ಟು ಹೊಕ್ಕೈತೇನು?" ಹಿಂದಿನ ಸಾಲಿನವರು ನಕ್ಕರು. ಮುಂದೆ ದೆವ್ವ ಬಂದಾಗಲೂ ನಗುತ್ತಲೇ ಇದ್ದರು ಪಾಪ. ಲಿಂಬೆ ತೋಟದಲ್ಲಿ ಹುಟ್ಟಿ, ಲಿಂಬೆ ತೋಟಕ್ಕೇ ಸೊಸೆಯಾಗಿ ಬಂದವರ ಮುಂದೆ ಆ ನಿರ್ದೇಶಕ ಏನು ಮಾಡಬೇಕಿತ್ತು ಹೇಳಿ?

ನಿಮ್ಮ ತಕರಾರುಗಳನ್ನು ನಾನು ಒಂದೊಂದಾಗಿ ನೆನಪಿಟ್ಟುಕೊಂಡಿದ್ದೇನೆ. ಈಗಿನ ಸಿನಿಮಾಗಳಲ್ಲಿ ಕತ್ತಲೆ ಹೆಚ್ಚಾಯಿತು, ದೆವ್ವದ ಮುಖವೇ ಕಾಣುವುದಿಲ್ಲ ಅನ್ನುವುದು ಒಂದು. "ರೊಕ್ಕಾ ಕೊಟ್ಟು ಬಂದೇವಿ, ದೆವ್ವಿನ ಮಾರಿನಾದ್ರೂ ತೋರಸ್ರಿ" ಅಂತಿದ್ದಿರಿ. ಸುಮ್ಮನಿರುವ ಹೊತ್ತಿಗೆ ಕಿವಿ ಒಡೆಯುವಂತೆ ಸದ್ದು ಮಾಡುವುದು ನಿಮಗೆ ಸೇರುತ್ತಿರಲಿಲ್ಲ. ಹಿಂದಿನಿಂದ ಬಂದು ತಗಡು ಬಾರಿಸಿದರೆ ಎಮ್ಮೆಯೂ ಹೆದರುತ್ತದೆ, ಅದರಲ್ಲೇನು ಹೆಚ್ಚುಗಾರಿಕೆ ಅನ್ನುವುದು ನಿಮ್ಮ ವಾದ. ದೆವ್ವಗಳನ್ನು ಕುಣಿಸಿ ನಗಿಸುವ ಸಿನಿಮಾಗಳು ಮಾತ್ರ ನನಗೆ ಇಷ್ಟ, ನಿಮಗೆ ಕಷ್ಟ. "ಸತ್ತವರನ್ನ ಹಂಗ ಕುಣಸಬಾರದವಾ" ಅಂತ ಒಮ್ಮೆ ನಿಜವಾಗಿಯೇ ಬೇಜಾರು ಮಾಡಿಕೊಂಡಿರಿ.

ದೆವ್ವಗಳೆಲ್ಲ ಮಂಜು ಮುಸುಕಿದ ಗುಡ್ಡದ ಬಂಗಲೆಯಲ್ಲೇ ಯಾಕಿರಬೇಕು ಅಂತಲೂ ಕೇಳಿದ್ದಿರಿ. ನಮ್ಮ ಕಡೆ ಮಟಮಟ ಮಧ್ಯಾಹ್ನ ಹನ್ನೆರಡಕ್ಕೆ ಹೊಲದ ಬಾವಿ ಹತ್ತಿರ ಹೋಗಬೇಡಿ ಅಂತ ಹೆದರಿಸಿಯೇ ಮಕ್ಕಳನ್ನು ಬೆಳೆಸುತ್ತಾರೆ. ಬೇಸಿಗೆಯ ಬಿಸಿಲು, ಒಂದು ಹಕ್ಕಿಯ ಸದ್ದಿಲ್ಲ, ಕಪ್ಪು ಎರೆ ಹೊಲ ಬಾಯಿ ಬಿಟ್ಟಿದೆ, ದೂರದಲ್ಲಿ ಯಾರೋ ಸೆರಗು ಹೊದ್ದು ನಿಂತಿದ್ದಾರೆ... ಇಂಥದ್ದೊಂದು ಸಿನಿಮಾ ಯಾರಾದರೂ ಮಾಡಿದರೆ ನಾನೂ ಕಣ್ಣು ಮುಚ್ಚಿಕೊಳ್ಳುತ್ತೇನೆ. ನೀವು ಮುಚ್ಚಿಕೊಳ್ಳುತ್ತಿರಲಿಲ್ಲ ಬಿಡಿ.

ಎಲ್ಲಕ್ಕಿಂತ ನಿಮಗೆ ಆಗದಿದ್ದದ್ದು ದೆವ್ವವೇ ಇಲ್ಲ, ಎಲ್ಲ ಮನುಷ್ಯರ ಆಟ ಅಂತ ಕೊನೆಗೆ ಕೈ ತೊಳೆದುಕೊಳ್ಳುವ ಸಿನಿಮಾ. "ದೆವ್ವಿನ ಸಿನಿಮಾಕ್ಕ ಪೊಲೀಸ ಜೀಪ ಬಂತಂದ್ರ ಎದ್ದು ಮನಿಗೆ ಹೋಗಬೇಕು" ಅಂತಿದ್ದಿರಿ. ಆದರೂ ಒಮ್ಮೆಯೂ ಎದ್ದವರಲ್ಲ. ಸತ್ತವಳು ಯಾಕೆ ಬಂದಿದ್ದಾಳೆ, ಅವಳಿಗೆ ಏನು ಅನ್ಯಾಯವಾಗಿತ್ತು ಅನ್ನುವ ಭಾಗಕ್ಕಾಗಿಯೇ ನೀವು ಬರುತ್ತಿದ್ದದ್ದು. "ಅಕಿ ಹೇಳೂದು ಪೂರಾ ಕೇಳದ ಏಳಬಾರದು. ಬದಕಿದ್ದಾಗಂತೂ ಯಾರೂ ಕೇಳಿಲ್ಲ" ಅಂತ ನೀವು ಹೇಳಿದ ಮೇಲೆ ನಾನು ದೆವ್ವದ ಸಿನಿಮಾಗಳನ್ನು ನೋಡುವ ರೀತಿಯೇ ಬೇರೆಯಾಯಿತು.

ಅದಕ್ಕೇ ಅಲ್ಲವೇ ನಮ್ಮ ಪಂತ. ಇಂಟರ್ವಲ್ಲಿಗೆ ಮುಂಚೆ, ದೆವ್ವ ಯಾರು ಅಂತ ಇಬ್ಬರೂ ಹೇಳಬೇಕು. ಸೋತವರು ಒಂದು ವಾರ ಎಲ್ಲರಿಗೂ ರೊಟ್ಟಿ ಬಡಿಯಬೇಕು. ಇಬ್ಬರೂ ಸೋತರೆ ಒಬ್ಬರು ಬಡಿಯುವುದು, ಇನ್ನೊಬ್ಬರು ಒಲೆ ಮುಂದೆ ಕೂತು ಬೇಯಿಸುವುದು. ಗೆಲ್ಲುತ್ತಿದ್ದದ್ದು ಹೆಚ್ಚಾಗಿ ನೀವೇ. ನನ್ನ ರೊಟ್ಟಿ ಇವತ್ತು ದುಂಡಗೆ, ತೆಳ್ಳಗೆ ಬರುತ್ತಿದ್ದರೆ ಅದಕ್ಕೆ ಸಿಂದಗಿಯ ಟಾಕೀಸೇ ಕಾರಣ. ನನಗಿದ್ದ ಆಸೆ ಮಾತ್ರ ಬೇರೆ. ಎಂದಾದರೂ ಒಂದು ದಿನ ನೀವು ಹೆದರಬೇಕು, ನಾನು ನೋಡಬೇಕು. ಅದಕ್ಕಾಗಿ ಎಂಟು ವರ್ಷ ಪರದೆಗಿಂತ ನಿಮ್ಮ ಮುಖವನ್ನೇ ಹೆಚ್ಚು ನೋಡಿದೆ.

ಕೊನೆಯ ಶನಿವಾರದ ಮಾತಿಗೆ ಬರುತ್ತೇನೆ. ಪರದೆಯ ಮೇಲೆ ಹಳೆಯ ವಾಡೆ ಮನೆ, ಅಟ್ಟದಲ್ಲಿ ಗೆಜ್ಜೆ ಸದ್ದು, ಬೀಗ ಹಾಕಿದ ಕೋಣೆ. "ಬಾವ್ಯಾಗ ಬಿದ್ದ ದೊಡ್ಡ ಸೊಸಿನ ದೆವ್ವ" ಅಂದಿರಿ ನೀವು. ನಾನು ಹಾಸಿಗೆ ಹಿಡಿದ ಮುದುಕಿಯ ಮೇಲೆ ಪಂತ ಕಟ್ಟಿದೆ. "ಮುದುಕೇರಂದ್ರ ಎಲ್ಲಾರಿಗೂ ಸಂಶೇನ" ಅಂತ ನಕ್ಕಿರಿ. ಸ್ವಲ್ಪ ಹೊತ್ತಿಗೆ ನನ್ನ ಕೈ ಹಿಡಿದುಕೊಂಡಿರಿ. ನಿಮ್ಮ ಕೈ ತಣ್ಣಗಿತ್ತು, ಬೆವೆತಿತ್ತು. ನನಗೆ ಎಷ್ಟು ಖುಷಿಯಾಯಿತು ಅಂತ ಈಗ ಬರೆಯಲು ನಾಚಿಕೆಯಾಗುತ್ತದೆ. "ಏನ್ರಿ ಅತ್ತಿ, ಅಂಜಿದ್ರಿ?" ಅಂದೆ. "ಹೂನವಾ, ಈ ಸಲ ಅಂಜೇನಿ" ಅಂದಿರಿ. ಗೆದ್ದವಳಂತೆ ನಾನು ನಗುತ್ತಾ ಕೂತೆ. ಕಾಲು ಗಂಟೆ. ಇಂಟರ್ವಲ್ಲಿಗೆ ದೀಪ ಹತ್ತಿದಾಗ ನಿಮ್ಮ ಮುಖ ನೋಡಿದೆ.

ಅಲ್ಲಿಂದ ಆಟೋ, ಸಿಂದಗಿಯ ದವಾಖಾನೆ, ಅಲ್ಲಿಂದ ವಿಜಾಪುರ. ಮೂರನೆಯ ದಿನ ನೀವು ಇರಲಿಲ್ಲ. ಎಲ್ಲರೂ ಹೃದಯದ ಬೇನೆ ಅಂದರು. ನಾನು ನಗುತ್ತಾ ಕಳೆದ ಕಾಲು ಗಂಟೆ ಅಂದುಕೊಂಡೆ. ಯಾರಿಗೂ ಹೇಳಲಿಲ್ಲ. ನಿಮ್ಮ ಮಗನಿಗೂ ಇಲ್ಲ. ಅವತ್ತಿನಿಂದ ದೆವ್ವದ ಸಿನಿಮಾ ಬಿಟ್ಟೆ. ಮನೆಯಲ್ಲಿ ಯಾರಾದರೂ ಸಿನಿಮಾ ಅಂತ ಬಾಯಿ ತೆರೆದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದೆ.

ಮೊನ್ನೆ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಮಾವನವರು ಟಿವಿ ಹಚ್ಚಿದರು. ಅದೇ ವಾಡೆ. ಅದೇ ಗೆಜ್ಜೆ. ಬಟ್ಟೆ ಮಡಚುತ್ತಿದ್ದವಳು, "ಮಾವಾರ, ಅದನ್ನ ಬಂದ್ ಮಾಡ್ರಿ" ಅಂದೆ. ಅವರು ಬಂದ್ ಮಾಡಿದರು. ಯಾಕೆ ಅಂತ ಕೇಳಿದರು. ನಾನು ಅಳತೊಡಗಿದೆ ಅತ್ತಿ. ಕೈ ತಣ್ಣಗಿದ್ದದ್ದು, ನಾನು ನಕ್ಕಿದ್ದು, ಕಾಲು ಗಂಟೆ, ಎಲ್ಲವನ್ನೂ ಹೇಳಿಬಿಟ್ಟೆ. ಮಾವನವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಅವರು ಅಂದದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

"ಯವ್ವಾ, ವಿಜಾಪುರ ದವಾಖಾನ್ಯಾಗ ನಿಮ್ಮ ಅತ್ತಿ ನನಗ ಹೇಳ್ಯಾಳ. ಸಿನಿಮಾ ಚಾಲೂ ಆಗೂಕಿಂತ ಮೊದಲ ಎದಿ ಹಿಡದಿತ್ತಂತ. ಹೇಳಿದ್ರ ನೀ ಎಬ್ಬಿಸಿಕೊಂಡು ಹೊಕ್ಕಿ ಅಂತ ಸುಮ್ನ ಕುಂತಾಳ. ಅಂಜೇನಿ ಅಂತ ನಿನಗ ಸುಳ್ಳ ಹೇಳ್ಯಾಳ. 'ರೇಣುಕಾಗ ಎಷ್ಟ ಖುಷಿ ಆತು ಗೊತ್ತೇನ್ರಿ' ಅಂತ ಹಾಸಗಿ ಮ್ಯಾಲೆ ಮಲಗಿ ನಗತಿದ್ಲು. ಉಳಿದದ್ದು ನೀ ನೋಡಿ ಬಂದು ತನಗ ಹೇಳಬೇಕಂತ. ಹಂಗ ಹೇಳ್ಯಾಳ."

"ವರ್ಸಾತು ಮಾವಾರ, ಯಾಕ ಹೇಳಲಿಲ್ಲ?"

"ಸಿನಿಮಾ ಅಂದ್ರ ನೀ ಎದ್ದು ಹೊಕ್ಕಿದ್ದಿ. ಹೆಂಗ ಹೇಳೂದು? ನಿನ್ನ ಹೊಟ್ಟ್ಯಾಗ ಇದು ಐತಂತ ನನಗೇನ ಗೊತ್ತವಾ."

ನಿಮ್ಮ ಮೇಲೆ ಸಿಟ್ಟು ಬಂತು. ನಿಜ ಹೇಳುತ್ತೇನೆ, ಮೊದಲು ಸಿಟ್ಟೇ ಬಂತು. ಒಂದು ಸಿನಿಮಾಕ್ಕಾಗಿ ಯಾರಾದರೂ ಎದೆನೋವು ಮುಚ್ಚಿಡುತ್ತಾರಾ? ಹೇಳಿದ್ದರೆ ಇವತ್ತು ನೀವು... ಇರಲಿ. ಮಾವನವರೇ ಎದ್ದು ಟಿವಿ ಹಚ್ಚಿದರು. "ಬಾ, ಇಬ್ಬರೂ ನೋಡೂಣು" ಅಂದರು. ದೆವ್ವದ ಹೆಸರು ಕೇಳಿದರೆ ಹೆದರುವ ಮನುಷ್ಯ, ಟವೆಲ್ಲನ್ನು ತಲೆಯ ಮೇಲಿಂದ ಮುಖದವರೆಗೆ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತರು. ಗೆಜ್ಜೆ ಸದ್ದು ಬಂದಾಗಲೆಲ್ಲ ಒಳಗಿನಿಂದ, "ಹೋತೇನವಾ?" ಅಂತ ಕೇಳುವರು. "ಇಲ್ರಿ, ಇನ್ನೂ ಐತ್ರಿ" ಅನ್ನುತ್ತಿದ್ದೆ.

ಈಗ ಕೇಳಿ ಅತ್ತಿ, ಉಳಿದರ್ಧ. ಬೀಗ ತೆಗೆದರು. ಕೋಣೆಯಲ್ಲಿ ಜೋಳದ ಚೀಲ. ಮುದುಕಿ ಬರೀ ಮುದುಕಿ. ದೊಡ್ಡ ಸೊಸೆ ಬಾವಿಗೆ ಬಿದ್ದೇ ಇರಲಿಲ್ಲ, ತವರಿನಲ್ಲಿ ಆರಾಮಾಗಿದ್ದಳು. ವಾಡೆ ಮಾರಿಸಬೇಕು ಅಂತ ಚಿಕ್ಕ ಮಗ ಅಟ್ಟದಲ್ಲಿ ಫೋನಿಟ್ಟು ಗೆಜ್ಜೆ ಸದ್ದು ಹಚ್ಚುತ್ತಿದ್ದನಂತೆ. ಆಮೇಲೆ ಯಾರು ಬಂದರು ಹೇಳಿ ನೋಡೋಣ. ಪೊಲೀಸ್ ಜೀಪು. ಇನ್ಸ್‌ಪೆಕ್ಟರು ಅಂಗಳದಲ್ಲಿ ನಿಂತು ನಡೆದದ್ದನ್ನೆಲ್ಲ ಶಾಲೆಯ ಪಾಠದಂತೆ ವಿವರಿಸಿದ. ನಾನು ನಕ್ಕೆ. ಹದಿಮೂರು ತಿಂಗಳು ಯಾವ ಅರ್ಧಕ್ಕೆ ಹೆದರಿ ಹಿತ್ತಲಿಗೆ ಓಡುತ್ತಿದ್ದೆನೋ ಅದರಲ್ಲಿ ದೆವ್ವವೇ ಇರಲಿಲ್ಲ. ನಾನು ನಕ್ಕಿದ್ದು ಕೇಳಿ ಮಾವನವರು ಟವೆಲ್ಲು ಸರಿಸಿ ಜೀಪು ನೋಡಿದರು. "ಪೊಲೀಸರ ಬಂದ್ರ? ಹಂಗಾರ ಅಕಿ ಬೈತಿದ್ಲು" ಅಂದರು.

ಪಂತದಲ್ಲಿ ಇಬ್ಬರೂ ಸೋತೆವು. ಸೋಮವಾರ ಬೆಳಿಗ್ಗೆ ನಾನು ರೊಟ್ಟಿ ಬಡಿಯಲು ಕೂತಾಗ ಮಾವನವರು ಮೊಣಕಾಲು ಹಿಡಿದುಕೊಂಡು ಒಲೆಯ ಮುಂದೆ ಮಣೆ ಹಾಕಿಕೊಂಡರು. ನಮ್ಮ ಪಂತದ ಕರಾರು ಅವರಿಗೆ ಹೇಗೆ ಗೊತ್ತು ಅಂತ ನಾನು ಕೇಳಲಿಲ್ಲ. ನಿಮ್ಮ ಪಾಲಿನ ರೊಟ್ಟಿ ಅವರು ಬೇಯಿಸುತ್ತಿದ್ದಾರೆ, ನಾವು ಸೀದ ಕರಿ ತೆಗೆದು ತಿನ್ನುತ್ತಿದ್ದೇವೆ. ವಾರದಲ್ಲಿ ಇನ್ನು ಮೂರು ದಿನ ಉಳಿದಿದೆ.

ನಿನ್ನೆ ಸಂಜೆ ಫೋನಿನಲ್ಲಿ ಹೊಸದೊಂದು ದೆವ್ವದ ಸಿನಿಮಾ ನೋಡಿದೆ. ಕೊನೆಯವರೆಗೂ ದೆವ್ವವನ್ನು ತೋರಿಸುವುದೇ ಇಲ್ಲ. ಅಡುಗೆಮನೆಯಲ್ಲಿ ಒಂದು ಊಟದ ತಾಟು ಹೆಚ್ಚಿಗೆ ಇರುತ್ತದೆ, ಅಷ್ಟೇ. ದಿನಾ ಯಾರೋ ಮರೆತು ಹಾಕಿಬಿಡುತ್ತಾರೆ. ಒಂದು ಸದ್ದಿಲ್ಲ, ಲಿಂಬೆಹಣ್ಣಿಲ್ಲ. ಮಾರಿ ತೋರಿಸಲಿಲ್ಲ ಅಂತ ನೀವು ಜಗಳ ತೆಗೆಯುತ್ತಿದ್ದಿರಿ, ಗೊತ್ತು. ನನಗೆ ಮಾತ್ರ ಬಹಳ ಹಿಡಿಸಿತು. ಹೆದರಿಕೆಯೇನೂ ಆಗಲಿಲ್ಲ, ನಿಮ್ಮ ನೆನಪಾಯಿತು.

ಕಾಗದ ಮುಗಿಸುವ ಹೊತ್ತಿಗೆ ಮಾವನವರು ಪೇಪರ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಸಿಂದಗಿಗೆ ಹೊಸ ಸಿನಿಮಾ ಬಂದಿದೆಯಂತೆ. ಪೇಪರಿನಿಂದ ಕಣ್ಣೆತ್ತದೆ ಕೇಳಿದರು:

"ಶನಿವಾರ ಸೀರಿಗೆ ಫಾಲ್ ಹಚ್ಚಿಸೂದೇನರ ಐತೇನವಾ?"

ನಾನು ಪೆನ್ನು ಕೆಳಗಿಟ್ಟು ಅವರತ್ತ ತಿರುಗಿದೆ.

"ಎಂಟು ವರ್ಸ ಸಿಂದಗಿಗೆ ಹೋಗಿ ಬಂದ್ರಿ. ಇವತ್ತಿಗೂ ಅಕಿ ಟ್ರಂಕಿನ್ಯಾಗ ಒಂದ ಸೀರಿಗೂ ಫಾಲ್ ಇಲ್ಲ. ನನಗ ಗೊತ್ತಿಲ್ಲೇನು? ಈ ಸಲ ನಾನೂ ಬರ್ತೇನಿ."

ನಿಮ್ಮ ಒಂದು ಸೀರೆ ಚೀಲದಲ್ಲಿ ಇಟ್ಟುಕೊಂಡು ಹೋಗುತ್ತೇವೆ ಅತ್ತಿ, ಮೊದಲು ಅದಕ್ಕೆ ಫಾಲ್ ಹಚ್ಚಲು ಕೊಟ್ಟು ಆಮೇಲೆ ಟಾಕೀಸಿಗೆ. ಕೂತ ಕೂಡಲೇ ಮಾವನವರ ಕೈ ಹಿಡಿದು ನೋಡುತ್ತೇನೆ. ಬೆಚ್ಚಗಿದ್ದರೆ ಇಂಟರ್ವಲ್ ಆದಮೇಲೂ ಕೂರುತ್ತೇವೆ, ದೆವ್ವವಾಗಿ ಬಂದವಳು ಹೇಳುವುದನ್ನು ಪೂರಾ ಕೇಳಿಕೊಂಡು ಬಂದು ನಿಮಗೆ ಬರೆಯುತ್ತೇನೆ.

ನಿಮ್ಮ ಸುಳ್ಳನ್ನು ನಂಬಿದ ಸೊಸೆ,
ರೇಣುಕಾ